ಸೋದರಮಾವ ಮತ್ತು ಇಪ್ಪತ್ನಾಲ್ಕು ಚಿತ್ರಗಳು

ನಮ್ಮ ಸೋದರಮಾವನ ಕೈಗೆ ಮನೆಯ ಬೀಗದ ಕೈ ಬೇಕಾದರೂ ಕೊಡಬಹುದು, ಟಿವಿ ರಿಮೋಟ್ ಮಾತ್ರ ಕೊಡಬಾರದು! ರಾಬರ್ಟ್‌ಸನ್‌ಪೇಟೆಯ ಟಾಕೀಸೊಂದರಲ್ಲಿ, ಅದು ಮುಚ್ಚುವವರೆಗೂ ರೀಲು ಓಡಿಸಿದವರು ಅವರು. ಟಾಕೀಸು ಹೋಯಿತು, ಆಪರೇಟರ್ ಹೋಗಲಿಲ್ಲ.

ಬಂಗಾರಪೇಟೆಯ ನಮ್ಮ ಮನೆಗೆ ಹೊಸ ಟಿವಿ ಬಂದ ಭಾನುವಾರ ಅವರೂ ಬಂದರು. ವಾರವಿಡೀ ಬೆಂಗಳೂರು ರೈಲಿನಲ್ಲಿ ನಿಂತು ನಿಂತು ಸೋತ ಕಾಲು ಚಾಚಿ ನಾನೊಂದು ಹಳೆಯ ಸಿನಿಮಾ ಹಾಕಿಕೊಂಡಿದ್ದೆ. ಎರಡು ನಿಮಿಷ ನೋಡಿದವರೇ ಹೌಹಾರಿದರು.

"ಇದೇನ್ಲಾ, ಸಿನಿಮಾ ಓಗಿ ಸೀರಿಯಲ್ ಆಗೈತೆ! ಎಲ್ರೂ ಜಾರ್ಕೊಂಡ್ ಓಡಾಡ್ತಾವ್ರೆ!"

"ಚೆನ್ನಾಗೇ ಕಾಣ್ತಿದೆಯಲ್ಲ ಮಾವ?"

"ಏನ್ ಚೆಂದ, ಮಣ್ಣು! ಸಿನಿಮಾ ಅಂದ್ರೆ ಸೆಕೆಂಡಿಗೆ ಇಪ್ಪತ್ನಾಲ್ಕು ಚಿತ್ರ ಕಣ್ಲಾ. ನಿನ್ ಟಿವಿ ಮಧ್ಯಮಧ್ಯ ತಾನೇ ಚಿತ್ರ ಉಟ್ಟಿಸಿ ತುರುಕ್ತದೆ. ಓಡೋನ ಕಾಲ್ ಸುತ್ತ ನೋಡು, ನೀರು ಅಲುಗಿದಂಗೆ ಅಲುಗ್ತದೆ. ಮ್ಯಾಚಿಗೆ ಬೇಕಾದ್ರೆ ಇಟ್ಕೋ, ಸಿನಿಮಾಕ್ ಬ್ಯಾಡ."

ನೋಡಿದೆ. ನಿಜ, ಅಲುಗುತ್ತಿತ್ತು! ಅದುವರೆಗೆ ಕಾಣದಿದ್ದದ್ದು ಅಂದಿನಿಂದ ಎಲ್ಲೆಲ್ಲೂ ಕಾಣತೊಡಗಿತು. ಇದಕ್ಕಿಂತ ಶಾಪ ಬೇಕೆ? ಮಾವ ಸೆಟ್ಟಿಂಗ್ಸ್‌ನ ಹೊಟ್ಟೆಯೊಳಗಿಳಿದು 'ಮೋಷನ್' ಎಂಬುದನ್ನು ಹುಡುಕಿ ಆಫ್ ಮಾಡುವಷ್ಟರಲ್ಲಿ ಸಿನಿಮಾ ಮುಗಿದಿತ್ತು, ನನ್ನ ಭಾನುವಾರವೂ.

ಆಮೇಲೆ ರಾಬರ್ಟ್‌ಸನ್‌ಪೇಟೆಯ ಟಿವಿ ಅಂಗಡಿಗೆ ರಿಮೋಟಿನ ಸೆಲ್ಲು ಕೊಳ್ಳಲು ಹೋದವರು, ಅಲ್ಲಿ ಸಾಲಾಗಿ ಓಡುತ್ತಿದ್ದ ಟಿವಿಗಳಿಗೆಲ್ಲ ಅದೇ ಚಿಕಿತ್ಸೆ ಮಾಡಿದರು. ಅಂಗಡಿಯವರು ಕೈಮುಗಿದು, "ಪೋದುಂ ಸಾಮಿ, ಸಾಕು! ಸೆಲ್ಲು ಫ್ರೀ, ದಯವಿಟ್ಟು ಒರಡಿ" ಎಂದರಂತೆ. ಮಾವ ಅದನ್ನು ಸನ್ಮಾನವೆಂದೇ ಹೇಳಿಕೊಂಡು ತಿರುಗಿದರು.

ನೆಂಟರೊಬ್ಬರ ತಿಥಿಯಲ್ಲಂತೂ ಎಲೆ ಹಾಕುವ ಮೊದಲೇ ರಿಮೋಟ್ ಕೇಳಿದರು! ತೀರಿಕೊಂಡವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ, "ನೀವ್ ಬತ್ತೀರಾ ಅಂತ ನಮ್ಮೆಜಮಾನ್ರು ಆವಾಗ್ಲೇ ಬಚ್ಚಿಟ್ಟವ್ರೆ ಅಣ್ಣಾ. ಎಲ್ಲಿಟ್ರೋ, ಏಳ್ದೇನೇ ಓದ್ರು" ಎಂದರು.

ಹೋದ ತಿಂಗಳು ಬೇತಮಂಗಲದಲ್ಲಿರುವ ಮಾವನ ಮನೆಗೆ ಹೋಗಿದ್ದೆ. ಅತ್ತೆಗೆ ಸ್ಟ್ರೋಕ್ ಆಗಿ, ಆಸ್ಪತ್ರೆಯಿಂದ ಬಂದು ಕೆಲವೇ ವಾರಗಳಾಗಿದ್ದವು. ಒಂದು ಪಕ್ಕ ಸ್ವಾಧೀನವಿಲ್ಲ. ಮಂಚದ ಎದುರು ಟಿವಿಯಲ್ಲಿ ಸಿನಿಮಾ ಓಡುತ್ತಿತ್ತು, ನುಣ್ಣಗೆ, ಸೀರಿಯಲ್ಲಿನಂತೆ! ಈ ಗಲಾಟೆಯಲ್ಲಿ ಮಾವ ಗಮನಿಸಿಲ್ಲವೇನೋ ಎಂದು ನಾನೇ ರಿಮೋಟ್ ಎತ್ತಿಕೊಂಡೆ. ಅವರು ನನ್ನ ಕೈ ಹಿಡಿದರು.

"ಬುಡ್ಲಾ. ಚಿತ್ರ ಎಗರಿದ್ರೆ ನಿಮ್ಮತ್ತೆಗೆ ತಲೆ ಸುತ್ತತದಂತೆ. ಆ ಮೋಷನ್ನು ನಾನೇ ಆಕಿದೀನಿ."

"ನೀವು ಹೇಗೆ ನೋಡ್ತೀರಿ ಮಾವ?"

"ನಾನೆಲ್ಲಿ ಟಿವಿ ನೋಡ್ತೀನಿ?"

ಆಗಲೇ ಗಮನಿಸಿದ್ದು. ಅವರ ಕುರ್ಚಿ ಟಿವಿಗೆ ಬೆನ್ನು ಹಾಕಿ, ಅತ್ತೆಯ ಕಡೆ ತಿರುಗಿತ್ತು. ಸಿನಿಮಾದಲ್ಲಿ ಯಾರೋ ಕೆಸರಲ್ಲಿ ಬಿದ್ದಿರಬೇಕು, ಅತ್ತೆ ನಕ್ಕರು. ಅರ್ಧ ಮುಖದಲ್ಲಿ.

ಮಾವ ನನ್ನ ಕೈ ಬಿಡದೆ ಮುಂದಕ್ಕೆ ಬಾಗಿದರು. "ನೋಡ್ಲಾ, ನೋಡು, ಈ ಕಡೆ ತುಟೀನೂ ಒಸಿ ಅಲ್ಲಾಡ್ತು. ನೆನ್ನೆ ಇಷ್ಟಿರ್ಲಿಲ್ಲ."