ಅಜ್ಜಿಯ ಬೀರುವಿಗೆ ನಾನು ಬಣ್ಣ ಬಳಿದದ್ದು

ಮನುಷ್ಯನಿಗೆ ಎರಡು ಕೈ, ಒಂದು ಬ್ರಷ್ಷು ಮತ್ತು ಶನಿವಾರದ ರಜೆ ಇದ್ದಮೇಲೆ ಬಡಗಿ ಯಾಕೆ ಬೇಕು? ಹೀಗೆಂದು ನಾನು ನನ್ನ ಹೆಂಡತಿ ಗಿರಿಜಳನ್ನು ಕೇಳಿದೆ.

"ನಿಮಗೆ ಎರಡು ಕೈ ಇರೋದೇ ನಂಗೆ ಭಯ," ಅಂದಳು.

ಮರುದಿನ ಭಾನುವಾರ ನಮ್ಮ ಮಗಳು ಶ್ರುತಿಯ ನಿಶ್ಚಿತಾರ್ಥ. ಸಂಜೆ ಚೆನ್ನೈಯ ಎಗ್ಮೋರಿನ ಹೋಟೆಲೊಂದರಲ್ಲಿ ಸಮಾರಂಭ. ಅದಕ್ಕೆ ಮುಂಚೆ, ಬೆಳಿಗ್ಗೆ, ಗಂಡಿನ ಕಡೆಯವರು ದಾವಣಗೆರೆಯಿಂದ ರೈಲಿನಲ್ಲಿ ಬಂದಿಳಿದು ವೆಸ್ಟ್ ಮಾಂಬಲಂನ ನಮ್ಮ ಫ್ಲ್ಯಾಟಿಗೆ ಕಾಫಿಗೆ ಬರುವವರಿದ್ದರು. ನಮ್ಮ ಮನೆಗೆ ಅವರದು ಮೊದಲ ಭೇಟಿ. ಬಾಗಿಲು ತೆರೆದ ಕೂಡಲೇ ಹಾಲ್‌ನಲ್ಲಿ ಅವರ ಕಣ್ಣಿಗೆ ಬೀಳುವುದು ಗಿರಿಜಳ ಅಜ್ಜಿಯ ತೇಗದ ಬೀರು. ನಮ್ಮ ಮದುವೆಯಾದ ಹೊಸತರಲ್ಲಿ ತುಮಕೂರಿನಿಂದ ಲಾರಿ ಹತ್ತಿ ಬಂದದ್ದು. ಮೈಯೆಲ್ಲ ಗೀರು, ಬಿರುಕು, ಕಾಫಿ ಲೋಟದ ಉಂಗುರಗಳು. ಇಂಥ ಬೀರುವನ್ನು ನೋಡಿ ಬೀಗರು ಏನಂದುಕೊಂಡಾರು?

"ಸರಿ, ಏನಾದ್ರೂ ಮಾಡ್ಕೊಳ್ಳಿ. ಆದ್ರೆ ಒಳಗೆ ಶ್ರುತಿ ಸೀರೆ ಇದೆ, ಹುಡುಗನಿಗೆ ಹಾಕೋ ಉಂಗುರ ಇದೆ. ಅದನ್ನ ಮಾತ್ರ ಮುಟ್ಟಬೇಡಿ!" ಎಂದು ಎಚ್ಚರಿಸಿ ಗಿರಿಜ ಮಗಳನ್ನು ಕರೆದುಕೊಂಡು ಟೈಲರ್ ಅಂಗಡಿಗೆ ಹೊರಟಳು.

"ನಾನು ಹೊರಗಡೆ ಮಾತ್ರ. ಒಳಗಿನದನ್ನ ಯಾರೂ ಮುಟ್ಟೋಲ್ಲ," ಎಂದು ಮಾತು ಕೊಟ್ಟೆ. ಕೊಟ್ಟ ಮಾತನ್ನು ನಾನು ಅಷ್ಟು ಚೆನ್ನಾಗಿ ಉಳಿಸಿಕೊಳ್ಳುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಹಾರ್ಡ್‌ವೇರ್ ಅಂಗಡಿಯಲ್ಲಿ ಮರ ಉಜ್ಜುವ ಕಾಗದ ಕೇಳಿದೆ. ಅಂಗಡಿಯವರು, "ಉಪ್ಪುತ್ತಾಳಾ ಸಾರ್?" ಎಂದರು. ಚೆನ್ನೈಯಲ್ಲೇ ತಲೆ ನರೆತರೂ ನನ್ನ ತಮಿಳು ವಿಮಾ ಕಚೇರಿಯ ಕೌಂಟರ್ ದಾಟಿ ಆಚೆ ಬಂದಿಲ್ಲ. ಉಪ್ಪು ಮನೆಯಲ್ಲಿದೆ ಎಂದು ಗಂಭೀರವಾಗಿ ಉತ್ತರಿಸಿದೆ. ಅಲ್ಲಿದ್ದ ಗಿರಾಕಿಗಳೆಲ್ಲ ನಕ್ಕರು. ಆ ಕಾಗದದ ಹೆಸರೇ ಅದು! ಅವಮಾನ ಮುಚ್ಚಿಕೊಳ್ಳಲು, ಬೇಕಿದ್ದಕ್ಕಿಂತ ದೊಡ್ಡ ಡಬ್ಬಿ ಪೇಯಿಂಟನ್ನೂ ಬಿರುಕು ತುಂಬುವ ಪುಟ್ಟಿಯನ್ನೂ ಕೊಂಡೆ. ಬಣ್ಣ: ಸಮುದ್ರ ನೀಲಿ. ಹಿಂದಿನ ರಾತ್ರಿ ಫೋನಿನಲ್ಲಿ ನೋಡಿದ ವೀಡಿಯೊದಲ್ಲಿ ಒಬ್ಬಾಕೆ ಅದೇ ಬಣ್ಣ ಬಳಿದು ಬಹಳ ಸಂತೋಷವಾಗಿದ್ದಳು.

ಉಜ್ಜಿದೆ. ಒರೆಸಿದೆ. ಪುಟ್ಟಿ ಹಿಡಿದು ಬಿರುಕುಗಳ ಬೇಟೆಗೆ ಇಳಿದೆ. ಆ ಹುರುಪಿನಲ್ಲಿ ನನ್ನ ಕಣ್ಣಿಗೆ ಜಗತ್ತಿನಲ್ಲಿ ಎರಡೇ ವಸ್ತು: ಮುಚ್ಚಿದ ಬಿರುಕು, ಮುಚ್ಚಬೇಕಾದ ಬಿರುಕು. ಮೇಲಿನಿಂದ ಕೆಳಗಿನವರೆಗೆ, ನಟ್ಟನಡುವೆ, ಗೆರೆ ಎಳೆದಂತೆ ಒಂದು ದೊಡ್ಡ ಬಿರುಕು ಸಿಕ್ಕಿತು. ಅದಕ್ಕೆ ಧಾರಾಳವಾಗಿ ತುಂಬಿದೆ. ಪಕ್ಕದಲ್ಲೇ ಒಂದು ಸಣ್ಣ ತೂತು. ಅದನ್ನೂ ಬಿಡಲಿಲ್ಲ. ಮೇಲೆ ಸಮುದ್ರ ನೀಲಿ, ಅದರ ಮೇಲೆ ಮತ್ತೊಮ್ಮೆ ಸಮುದ್ರ ನೀಲಿ.

ಸಂಜೆ ಗಿರಿಜ ಬಂದು ಬಾಗಿಲಲ್ಲೇ ನಿಂತು ನೋಡಿದಳು. "ಬಾತ್‌ರೂಂ ಬಾಗಿಲಿನ ಹಾಗಿದೆ," ಅಂದಳು. ಕಲೆ ಎಲ್ಲರಿಗೂ ಒಗ್ಗುವುದಿಲ್ಲವೆಂದು ನಾನು ಬ್ರಷ್ಷು ತೊಳೆಯಲು ಹೋದೆ.

ಬೆಳಿಗ್ಗೆ ಸೀರೆ ತೆಗೆಯಲು ಹೋದ ಶ್ರುತಿ ಕೂಗಿದಳು. ಅವಳಿಗೆ ಗಾಬರಿಯಾದರೆ ತಮಿಳೇ ಬರುವುದು. "ಅಮ್ಮಾ! ಕದವು ತೊರಕ್ಕವೇ ಮಾಟೇಂಗುದು!"

ಬಾಗಿಲು ತೆರೆಯುತ್ತಿಲ್ಲ! ಗಿರಿಜ ಎಳೆದಳು. ನಾನು ಎಳೆದೆ. ಇಬ್ಬರೂ ಸೇರಿ ಎಳೆದೆವು. ಆಗ ಗಿರಿಜ ಕನ್ನಡಕ ಹಾಕಿಕೊಂಡು ಹತ್ತಿರದಿಂದ ಪರೀಕ್ಷಿಸಿದಳು.

"ರೀ, ಎರಡು ಬಾಗಿಲಿನ ನಡುವೆ ಒಂದು ಸಂದು ಇತ್ತಲ್ಲ, ಎಲ್ಲಿ?"

"ಬಿರುಕಾ? ಮುಚ್ಚಿದೆ."

"ಬೀಗದ ತೂತು?"

ನಾನು ನೀಲಿಯ ಮೇಲೆ ಬೆರಳಾಡಿಸಿ ಅದನ್ನು ಹುಡುಕತೊಡಗಿದೆ. ಶ್ರುತಿಯ ಕಣ್ಣಲ್ಲಿ ನೀರು ತುಂಬಿತು.

ಗಲಾಟೆ ಕೇಳಿ ಎದುರು ಮನೆಯ ಶಾರದಾ ಮಾಮಿ ಕೊಬ್ಬರಿ ಎಣ್ಣೆಯೊಂದಿಗೆ ಬಂದರು. ಎಣ್ಣೆ ಹಚ್ಚಿದೆವು. ಬಾಗಿಲು ಹೊಳೆಯಿತು, ತೆರೆಯಲಿಲ್ಲ. ಅಡುಗೆಮನೆಯ ಚಾಕು ಹಾಕಿ ಮೀಟಿದೆ. ಚಾಕು ಮುರಿಯಿತು. ಕೊನೆಗೆ ಒಂದು ಕಾಲನ್ನು ಬೀರುವಿಗೆ ಒತ್ತಿ, ಶಿವಾ ಎಂದು ಹಿಡಿಯನ್ನು ಜಗ್ಗಿದೆ. ಹಿಡಿ ನನ್ನ ಕೈಗೆ ಬಂತು. ಬೀರು ನಿಂತಲ್ಲೇ ನಿಂತಿತ್ತು. ನಾನು ಮಾತ್ರ ಊಟದ ಮೇಜಿನ ಕೆಳಗಿದ್ದೆ!

ಗಿರಿಜಳೊಡನೆ ಹರಟಿ ಹರಟಿ ಮಾಮಿಗೆ ಅವರದೇ ಒಂದು ಕನ್ನಡ ಬರುತ್ತದೆ. "ಮುಂದೆ ಆಗಲ್ಲೇನ್ನಾ ಪಿನ್ನಾಡಿ ತೆಗೀಂಗೋ!" ಎಂದರು. ಹಿಂಬದಿಯ ಹಲಗೆ ತೆಳು, ಅದನ್ನು ಕೀಳಿ ಎಂಬುದು ಅವರ ಸಲಹೆ. ನಾಲ್ವರೂ ಸೇರಿ ಬೀರುವನ್ನು ತಿರುಗಿಸಿದೆವು. ಮೊಳೆ ಕಿತ್ತು, ಹಲಗೆ ತೆಗೆದು, ನಾನು ಸೊಂಟದವರೆಗೆ ಒಳಗೆ ನುಗ್ಗಿದೆ. ಸೀರೆ ಸಿಕ್ಕಿತು. ಉಂಗುರದ ಡಬ್ಬಿಯೂ ಸಿಕ್ಕಿತು. ಹೊರಗೆ ಬರಲು ನೋಡಿದರೆ ಭುಜ ಅರೆಗಳ ನಡುವೆ ಸಿಕ್ಕಿಕೊಂಡಿತ್ತು.

ಅಷ್ಟರಲ್ಲಿ ಕಾಲಿಂಗ್ ಬೆಲ್! ಬೀಗರ ರೈಲು ಅವತ್ತೇ ಬೇಗ ಬರಬೇಕೇ?

ಹುಡುಗನ ತಂದೆ ರುದ್ರಪ್ಪನವರು ದಾವಣಗೆರೆಯಲ್ಲಿ ಬಟ್ಟೆ ವ್ಯಾಪಾರಿ. ಬಹಳ ಗಂಭೀರ ಮನುಷ್ಯ. ನಿಶ್ಚಯದ ಮಾತುಕತೆಯಲ್ಲಿ ಒಮ್ಮೆಯೂ ನಗುವುದನ್ನು ನಾನು ಕಂಡಿರಲಿಲ್ಲ. ಅವರ ದನಿ ಕೇಳಿಸಿತು.

"ಬೀಗರು ಎಲ್ಲಿ?"

ಗಿರಿಜ ಶಾಂತವಾಗಿ ಹೇಳಿದಳು: "ಬೀರುವಿನಲ್ಲಿದ್ದಾರೆ."

"ಬನ್ನಿ, ಬನ್ನಿ! ಕೂತ್ಕೊಳ್ಳಿ! ಪ್ರಯಾಣ ಚೆನ್ನಾಗಾಯ್ತಾ?" ಎಂದು ನಾನು ಒಳಗಿನಿಂದಲೇ ಉಪಚರಿಸಿದೆ. ನನ್ನ ದನಿ ಬಾವಿಯಿಂದ ಬಂದಂತಿತ್ತು. ಅವರಿಗೆ ಕಾಣುತ್ತಿದ್ದುದು ನನ್ನ ಪಂಚೆ ಮತ್ತು ಎರಡು ಕಾಲು.

ರುದ್ರಪ್ಪನವರು ಶಲ್ಯ ತೆಗೆದಿಟ್ಟು ನನ್ನ ಒಂದು ಕಾಲು ಹಿಡಿದರು. ಭಾವಿ ಅಳಿಯ ಇನ್ನೊಂದು ಕಾಲು ಹಿಡಿದ. ಎಳೆದರು. ತಲೆಯ ಮೇಲೆ ರೇಷ್ಮೆ ಸೀರೆ ಹೊದ್ದು, ಕೈಯಲ್ಲಿ ಉಂಗುರ ಹಿಡಿದು, ನಾನೇ ಮದುಮಗಳೆಂಬಂತೆ ಹೊರಬಂದೆ. ಎಳೆದ ರಭಸಕ್ಕೆ ರುದ್ರಪ್ಪನವರು ವಾಲಿ ಬೀರುವಿನ ಪಕ್ಕಕ್ಕೆ ಒರಗಿದರು. ಈ ಊರಿನ ಒದ್ದೆ ಗಾಳಿಗೆ ಪೇಯಿಂಟು ಅಲ್ಲಿ ಇನ್ನೂ ಒಣಗಿರಲಿಲ್ಲ. ಅವರ ಬಿಳಿ ಜುಬ್ಬದ ಅರ್ಧ ಭಾಗ ಸಮುದ್ರ ನೀಲಿಯಾಯಿತು.

ಸಂಬಂಧ ಮುರಿಯಿತು ಎಂದುಕೊಂಡೆ. ಶ್ರುತಿಯ ಕಡೆ ನೋಡುವ ಧೈರ್ಯವಾಗಲಿಲ್ಲ. ನಡೆದದ್ದೆಲ್ಲ ಹೇಳಿದೆ.

"ಬಾಗಿಲ ಸಂದಿಗೂ ಪುಟ್ಟಿ ಹಾಕಿದ್ರಾ?" ಎಂದು ರುದ್ರಪ್ಪನವರು ಕೇಳಿದರು.

"ಹೌದು."

"ಬೀಗದ ತೂತಿಗೂ?"

"ಅದಕ್ಕೂ."

ಅವರ ಮೀಸೆ ನಡುಗಿತು. ಭುಜ ಕುಲುಕಿತು. ಆಮೇಲೆ ಅವರು ನಕ್ಕರು ನೋಡಿ, ಕಣ್ಣಲ್ಲಿ ನೀರು ಸುರಿಯುವ ತನಕ! "ಬೀಗರೆ, ನಾನು ನಮ್ಮನೆ ನಲ್ಲಿ ರಿಪೇರಿ ಮಾಡೋಕೆ ಹೋಗಿ ಬೀದಿಗೆಲ್ಲ ನೀರಿಲ್ಲದ ಹಾಗೆ ಮಾಡಿದ್ದೆ," ಎಂದರು.

"ಬೀದಿಗಲ್ಲ, ಇಡೀ ಬಡಾವಣೆಗೆ," ಎಂದು ಅವರ ಹೆಂಡತಿ ತಿದ್ದಿದರು. ಶ್ರುತಿಯೂ ನಕ್ಕಳು. ಆಗ ನನಗೆ ಉಸಿರು ಬಂತು.

ನಿಶ್ಚಿತಾರ್ಥ ಸಾಂಗವಾಗಿ ನಡೆಯಿತು. ರುದ್ರಪ್ಪನವರು ನನ್ನ ಜುಬ್ಬ ತೊಟ್ಟು, ಹೊಟ್ಟೆ ಬಿಗಿಹಿಡಿದು, ಕೊನೆಯ ಫೋಟೊದವರೆಗೂ ನಗುತ್ತಲೇ ಇದ್ದರು.

ಬೀರು ಈಗಲೂ ಹಾಲ್‌ನಲ್ಲೇ ಇದೆ, ಮುಖ ಗೋಡೆಗೆ, ಬೆನ್ನು ನಮಗೆ. ಬಾಗಿಲು ಬಿಡಿಸಿಕೊಡುತ್ತೇನೆಂದು ಬಡಗಿ ಹೇಳಿದರೂ ಗಿರಿಜ ಬೇಡವೆಂದಳು. ಹಲಗೆ ಕಿತ್ತ ಜಾಗಕ್ಕೆ, ಎರಡೂ ಪಕ್ಕ ಮುಚ್ಚುವಂತೆ, ಹೂವಿನ ಪರದೆಯೊಂದನ್ನು ಹಾಕಿದ್ದಾಳೆ. ಬಂದವರೆಲ್ಲ ಪರದೆಯನ್ನು ಹೊಗಳುತ್ತಾರೆ. ನಾನು ಬೆವರು ಸುರಿಸಿ ಬಳಿದ ಬಣ್ಣವನ್ನು ಕಾಣುವ ಭಾಗ್ಯ ಇರುವುದು ಗೋಡೆಗೆ ಮಾತ್ರ. ಅದರಿಂದ ಇದುವರೆಗೆ ಮೆಚ್ಚುಗೆಯ ಒಂದು ಮಾತೂ ಬಂದಿಲ್ಲ!