ಅಡುಗೆಮನೆಗೆ ಗಾಳಿ ತಂದಿದ್ದು

ಗಂಡನನ್ನು ಅಡುಗೆಮನೆಗೆ ಕರೆತರಲು ಹೆಂಗಸರು ಏನೇನೋ ಮಾಡಿ ನೋಡಿದ್ದಾರೆ. ಜಗಳ ಆಡಿದ್ದಾರೆ, ಮಾತು ಬಿಟ್ಟಿದ್ದಾರೆ, ತವರಿಗೆ ಹೋಗಿ ಕೂತಿದ್ದಾರೆ, ಪತ್ರಿಕೆಗೆ ಲೇಖನ ಬರೆದಿದ್ದಾರೆ. ಲೇಖನ ನಾನೇ ಬರೆದಿದ್ದೆ. ನಮ್ಮನೆಯವರು ಅದನ್ನು ಪೂರ್ತಿ ಓದಿ, "ಸಖತ್ತಾಗಿದೆ ಕಣೇ. ಕಾಫಿ ಇದ್ಯಾ?" ಎಂದಿದ್ದರು. ಆದರೆ ಈ ಕೆಲಸಕ್ಕಾಗಿ ಗೋಡೆಯನ್ನೇ ಒಡೆಸಿದವಳು ಈ ಭೂಮಂಡಲದಲ್ಲಿ ಬಹುಶಃ ನಾನೊಬ್ಬಳೇ!

ನಮ್ಮನೆಯವರು ಅಂದರೆ ಭೀಮೇಶ್. ಕೆಟ್ಟವರಲ್ಲ. ಅಡುಗೆ ಹೆಂಗಸರ ಕೆಲಸ ಎಂದು ಅವರು ಒಂದು ದಿನವೂ ಹೇಳಿದವರಲ್ಲ. ಹೇಳಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು! ಅವರು ಹೇಳುವುದು ಬೇರೆ.

"ನಂಗೆ ಅಡುಗೆ ಮಾಡೋಕೆ ಏನೂ ಬೇಜಾರಿಲ್ಲ ಕಣೇ. ಆದ್ರೆ ಆ ಅಡುಗೆಮನೆ ಸೆಖೆ ಇದ್ಯಲ್ಲ, ತಲೆ ಸುತ್ತುತ್ತೆ."

ಇದಕ್ಕೆ ಏನು ಉತ್ತರ ಕೊಡುವುದು? ಸೆಖೆ ಇರುವುದು ನಿಜ. ಕಗ್ಗದಾಸಪುರದ ಈ ಮನೆಯನ್ನು ಕಟ್ಟಿಸಿದ್ದು ನನ್ನ ಮಾವ. ಹಾಲ್‌ಗೆ ಮೂರು ಕಿಟಕಿ, ಮಲಗುವ ಕೋಣೆಗೆ ಎರಡು, ದೇವರಿಗೆ ಒಂದು. ಅಡುಗೆಮನೆಗೆ ಎಗ್ಸಾಸ್ಟ್ ಫ್ಯಾನಿನ ತೂತು. ಆ ಫ್ಯಾನ್ ತೀರಿಕೊಂಡು ಎಷ್ಟೋ ಕಾಲವಾಗಿ, ತೂತಿನಲ್ಲಿ ಒಂದು ಪಾರಿವಾಳ ಸಂಸಾರ ಹೂಡಿತ್ತು. ಕಟ್ಟಿಸಿದವರಾಗಲಿ, ಕಟ್ಟಿದ ಮೇಸ್ತ್ರಿಯಾಗಲಿ ಮನೆಮಂದಿಗೆಲ್ಲ ದೋಸೆ ಹುಯ್ಯುವಷ್ಟು ಹೊತ್ತು ಒಂದು ಅಡುಗೆಮನೆಯಲ್ಲಿ ನಿಂತವರಲ್ಲ ಎನ್ನುವುದಕ್ಕೆ ಆ ಕೋಣೆಯೇ ಸಾಕ್ಷಿ. ಏಪ್ರಿಲ್ ತಿಂಗಳಲ್ಲಿ ಅಲ್ಲಿ ಸಾರಿನ ಜೊತೆ ನಾನೂ ಕುದಿಯುತ್ತಿದ್ದೆ.

ಹೀಗಿರುವಾಗ ಗೆಳತಿ ಅಲಿಯಾ ಇಂದಿರಾನಗರದಲ್ಲಿ ಒಂದು ಉಪನ್ಯಾಸ ಕೊಟ್ಟಳು. ಅವಳು ಆರ್ಕಿಟೆಕ್ಟ್. ವಿಷಯ, ಸೆಖೆಯ ನಾಡಿನಲ್ಲಿ ಹಾಯಾದ ಮನೆ ಕಟ್ಟುವುದು ಹೇಗೆ ಎಂದು. "ಮೈ ಜಿಗುಟಾಗೋ ಸೆಖೆಗೆ ಗಾಳೀನ ತಣ್ಣಗೆ ಮಾಡ್ಬೇಕಾಗಿಲ್ಲ. ಅದನ್ನ ಮೈಮೇಲೆ ಹಾಯಿಸಿದ್ರೆ ಸಾಕು," ಎಂದಳು ಅಲಿಯಾ. "ಗಾಳಿ ಬರೋಕೆ ದೊಡ್ಡ ದಾರಿ ಕೊಡಿ. ಬಿಸಿ ಗಾಳಿ ಮೇಲಿಂದ ಹೋಗೋಕೆ ಇನ್ನೊಂದು ದಾರಿ ಕೊಡಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಅವರಿಗೆ ಕಂಡದ್ದು ಕಟ್ಟಡ. ನನಗೆ ಕಂಡದ್ದು ಸೌಟು ಹಿಡಿದು ನಿಂತ ಭೀಮೇಶ್! ಅಬಲೆಯಾಗಿ ಒಳಗೆ ಹೋದವಳು ವಾಸ್ತುಶಿಲ್ಪಿಯಾಗಿ ಹೊರಗೆ ಬಂದೆ.

ಮನೆಗೆ ಬಂದವಳೇ ಕೇಳಿದೆ. "ರೀ, ಅಡುಗೆಮನೆ ತಂಪಾದ್ರೆ ಅಡುಗೆ ಮಾಡ್ತೀರಾ?"

"ಓಹೋ! ಅಡುಗೆಮನೆ ತಂಪಾಗ್ಲಿ, ಪ್ರತಿ ಭಾನುವಾರ ಅಲ್ಲಿ ಕೋಳಿ ಸಾರು ನಂದೇ."

"ಅಮ್ಮನ ಮೇಲೆ ಆಣೆ?"

"ಅಮ್ಮನ ಮೇಲೆ ಆಣೆ."

"ಕೋಳಿ ಸಾರಿಗೆಲ್ಲ ನನ್ನ ತಲೆ ಯಾಕ್ರೋ?" ಎಂದರು ಅತ್ತೆ ಮಂಜುಳಮ್ಮ, ಟಿವಿಯಿಂದ ಕಣ್ಣು ತೆಗೆಯದೆ.

ಎದುರು ಮನೆಯ ಲುಬ್ನಾ ಮೊಸರಿಗೆ ಹೆಪ್ಪು ಕೇಳಲು ಬಂದವಳು ಬಾಗಿಲಲ್ಲೇ ಸಾಕ್ಷಿಯಾದಳು. "ಅಕ್ಕಾ, ಭಾಯಿ ಅಡುಗೆ ಮಾಡೋ ಮೊದಲನೇ ದಿನ ನಂಗೆ ದಾವತ್! ಮರೀಬೇಡಿ."

ಗಾರೆ ಕೆಲಸದ ಶರಣಬಸವ ಬಂದ. ಕಲಬುರಗಿ ಕಡೆಯವನು. ಯಾವುದಕ್ಕೂ ಇಲ್ಲ ಎನ್ನದ ಮನುಷ್ಯ. ಕೆರೆ ಕಡೆಗಿರುವ ಗೋಡೆ ಒಡೆದು, ಅಡುಗೆ ಕಟ್ಟೆಯ ಮೇಲಿನಿಂದ ಸೂರಿನವರೆಗೆ ಗಾಳಿಯಾಡುವ ಹಾಗೆ ತೂತು ತೂತಿರುವ ಮಣ್ಣಿನ ಜಾಲಿ ಇಟ್ಟಿಗೆ ಕೂರಿಸಬೇಕು ಎಂದೆ.

"ಒಡಿಯೂಣಲ್ರೀ ಅಕ್ಕಾರ."

ಛಾವಣಿಗೊಂದು ತೂತು, ಅದರ ಮೇಲೆ ಮಳೆ ಬೀಳದ ಹಾಗೆ ಪುಟ್ಟ ಗೋಪುರ ಎಂದೆ.

"ಗೋಪುರಾನೂ ಮಾಡೂಣ್ರೀ. ಜಾಲಿಗಿ ಕದ ಕೂಡಿಸ್ಲೇನ್ರೀ?"

"ಬೇಡ! ಕದ ಇದ್ರೆ ಧೂಳು ಬರುತ್ತೆ ಅಂತ ನಮ್ಮತ್ತೆ ಮುಚ್ಚಿಬಿಡ್ತಾರೆ. ಗಾಳಿಗೆ ಸ್ವಾತಂತ್ರ್ಯ ಬೇಕು!"

"ಆಗ್ಲಿ ಬಿಡ್ರೀ. ಸ್ವಾತಂತ್ರ್ಯಾನ ಕೂಡಿಸೂಣಂತ."

ಸ್ವಾತಂತ್ರ್ಯ ಕೂತ ದಿನವನ್ನು ನಾನು ಮರೆಯಲಾರೆ. ಕೆರೆ ಕಡೆಯಿಂದ ಗಾಳಿ ಬೀಸಿತು ನೋಡಿ, ಕ್ಯಾಲೆಂಡರ್ ಕುಣಿಯಿತು, ಸೌಟುಗಳು ಟಿಣ್ ಟಿಣ್ ಎಂದವು, ಪಾರಿವಾಳ ಮುನಿಸಿಕೊಂಡು ಮನೆ ಖಾಲಿ ಮಾಡಿತು. ಮದುವೆಯಾದ ಮೇಲೆ ಅಡುಗೆಮನೆಯಲ್ಲಿ ನನ್ನ ಸೆರಗು ಹಾರಿದ್ದು ಅದೇ ಮೊದಲು! ನಾನು ಎರಡೂ ಕೈ ಚಾಚಿ, ಹಡಗಿನ ಮುಂದೆ ನಿಂತ ನಾವಿಕನ ಹಾಗೆ ಒಂದು ಗಳಿಗೆ ನಿಂತೆ. ಆಮೇಲೆ ಒಲೆ ಹಚ್ಚಿದೆ.

ಆರಿತು.

ಮತ್ತೆ ಹಚ್ಚಿದೆ. ಮತ್ತೆ ಆರಿತು. ಬೆನ್ನು ಅಡ್ಡ ಕೊಟ್ಟು ಹಚ್ಚಿದೆ. ಉರಿ ಒಮ್ಮೆ ನನ್ನ ಬೆನ್ನ ಕಡೆಗೂ ಒಮ್ಮೆ ಜಾಲಿಯ ಕಡೆಗೂ ನೋಡಿ, ಆರಿತು.

"ಅಮ್ಮಾ, ಗ್ಯಾಸ್ ವಾಸ್ನೆ!" ಎಂದು ಮಗಳು ಪೂಜಿತಾ ಓಡಿ ಬಂದು ಸಿಲಿಂಡರ್ ತಿರುಗಿಸಿದಳು.

ಅಲಿಯಾಗೆ ಫೋನ್ ಮಾಡಿದೆ. "ಅಷ್ಟು ದೊಡ್ಡ ಜಾಲಿ ಇಟ್ಟಿದ್ದೀಯಾ? ಅದೂ ಒಲೆ ಪಕ್ಕದಲ್ಲಿ? ನನ್ನ ಒಂದ್ಮಾತು ಕೇಳೋದಲ್ವೇನೇ!" ಎಂದಳು. ಕೇಳಬಹುದಿತ್ತು. ಆದರೆ ಆಗ ನಾನು ಬಲು ಎತ್ತರದಲ್ಲಿದ್ದೆ.

ಜಾಲಿಯನ್ನು ಮುಚ್ಚಿಸಿಬಿಡಬಹುದಿತ್ತಲ್ಲ ಎನ್ನುತ್ತೀರಿ. ಮುಚ್ಚಿಸಿದರೆ ಸೆಖೆ ವಾಪಸು. ಸೆಖೆ ಬಂದರೆ ಭೀಮೇಶರ ತಲೆಸುತ್ತೂ ವಾಪಸು. ಇಷ್ಟು ವರ್ಷಕ್ಕೆ ಬಾಯಿಬಿಟ್ಟು ಆಣೆ ಮಾಡಿದ ಗಂಡನನ್ನು ಕೈಯಾರೆ ಬಿಟ್ಟುಕೊಡುವುದೆ? ಸಾಧ್ಯವೇ ಇಲ್ಲ!

ಒಲೆಯ ಸುತ್ತ ರಟ್ಟು ನಿಲ್ಲಿಸಿದೆ. ರಟ್ಟು ಹಾರಿ ಹುಳಿಯೊಳಗೆ ಬಿತ್ತು. ಜಾಲಿಗೆ ಅಡ್ಡವಾಗಿ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಕೊಂಡ ಸೀರೆ ಕಟ್ಟಿದೆ. ಅದು ಉಬ್ಬಿ ಉಬ್ಬಿ, ಮನೆಯನ್ನೇ ಕಲ್ಯಾಣ ನಗರದ ಕಡೆಗೆ ಎಳೆದುಕೊಂಡು ಹೋಗುವ ಹಾಗೆ ಕಾಣಿಸಿತು. ಕರೆಂಟ್ ಒಲೆ ತಂದೆ. ಅದರ ಮೇಲೆ ಮುದ್ದೆ ತಿರುವಲು ಹೋದರೆ ಮುದ್ದೆ ನಿಂತು ಪಾತ್ರೆ ತಿರುಗಿತು.

"ಅಮ್ಮಾ, ಹಸಿವು," ಎಂದಳು ಪೂಜಿತಾ.

"ಒಲೇನ ಹಾಲ್‌ಗೆ ಇಡೋಣ. ಏನಾದ್ರೂ ದಾರಿ ಸಿಗೋವರೆಗೆ," ಎಂದೆ.

"ಎಲ್ಲೆಲ್ಲೋ ಇಡೋಹಾಗಿಲ್ಲ," ಎಂದರು ಅತ್ತೆ. "ಬೆಂಕಿ ಅಗ್ನಿಮೂಲೇಲೇ ಇರ್ಬೇಕು."

ಹಾಲ್‌ನ ಅಗ್ನಿಮೂಲೆಯಲ್ಲಿ ಇದ್ದದ್ದು ಟಿವಿ. ಹಾಗಾಗಿ ಟಿವಿ ಸ್ಟ್ಯಾಂಡ್ ಮೇಲೆ ಒಲೆ ಕೂತಿತು. ಉರಿ ಅಲುಗಬಾರದೆಂದು ಹಾಲ್‌ನ ಮೂರೂ ಕಿಟಕಿ ಮುಚ್ಚಿದೆ, ಫ್ಯಾನ್ ಆರಿಸಿದೆ. ಭೀಮೇಶ್ ತಾವಾಗಿ ಎದ್ದು ಸಿಲಿಂಡರ್ ಉರುಳಿಸಿಕೊಂಡು ಬಂದರು! ನನ್ನ ಕಣ್ಣು ತುಂಬಿ ಬಂತು. ಆಮೇಲೆ ಅದೇ ಉತ್ಸಾಹದಲ್ಲಿ ಟಿವಿಯನ್ನು ತಬ್ಬಿಕೊಂಡು ಹೋಗಿ, ಒಲೆಯಿದ್ದ ಕಟ್ಟೆಯ ಮೇಲೆ ಇಟ್ಟರು. ಅದಕ್ಕೂ ಒಂದು ಜಾಗ ಬೇಕಲ್ಲ!

ಟಿವಿಯ ಹಿಂದೆ ಅತ್ತೆಯ ಕುರ್ಚಿ ಹೋಯಿತು. ಕುರ್ಚಿಯ ಹಿಂದೆ ಪೂಜಿತಾಳ ಪುಸ್ತಕ ಹೋಯಿತು. ಭೀಮೇಶರ ಲ್ಯಾಪ್‌ಟಾಪ್ ಹೋಯಿತು, ಚಾಪೆ ಹೋಯಿತು, ದಿಂಬೂ ಹೋಯಿತು. ಒಲೆಯ ಹಿಂದೆ ಹೋದವಳು ನಾನೊಬ್ಬಳೇ.

ಭಾನುವಾರ ಬಂತು. ಬೆಳಗ್ಗೆ ಎದ್ದವರೇ ಭೀಮೇಶ್ ಸೀದಾ ಅಡುಗೆಮನೆಗೆ ಹೋದರು. ಕೋಳಿ ತೊಳೆದಿಟ್ಟೆ. ಮಸಾಲೆ ರುಬ್ಬಿಕೊಟ್ಟರೆ ಅವರಿಗೆ ಸುಲಭ ಎಂದು ರುಬ್ಬಿದೆ. ಈರುಳ್ಳಿ ಹೆಚ್ಚಿದೆ. ಕರೆದೆ. "ಬಂದೆ, ಬಂದೆ" ಎಂದರು. ಅಷ್ಟರಲ್ಲಿ ಎಣ್ಣೆ ಕಾದುಬಿಟ್ಟಿತು. ಕಾದ ಎಣ್ಣೆ ಯಾರಿಗೆ ಕಾಯುತ್ತದೆ? ಒಗ್ಗರಣೆ ಹಾಕಿ, ಕೋಳಿ ಬಿಟ್ಟು ಕುಕ್ಕರ್ ಮುಚ್ಚಿದೆ.

ಮುಚ್ಚಳ ಹಾಕಿ ತಿರುಗಿದರೆ, ದಾವತ್‌ಗೆಂದು ಸಿಂಗರಿಸಿಕೊಂಡು ಬಂದ ಲುಬ್ನಾ ಬಾಗಿಲಲ್ಲಿ! ಎದುರಿಗೆ ನಾನು, ಸೆರಗು ಸೊಂಟಕ್ಕೆ, ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಾ, ಟಿವಿ ಸ್ಟ್ಯಾಂಡ್ ಮುಂದೆ ಸೌಟು ಹಿಡಿದು ನಿಂತಿದ್ದೆ.

"ಯಾ ಅಲ್ಲಾ! ಅಕ್ಕಾ, ಇವತ್ತು ಅಡುಗೆ ಭಾಯಿದು ಅಂದ್ರಲ್ಲ?"

"ಅಡುಗೆಮನೆಯಲ್ಲಿದ್ದಾರೆ. ಹೋಗಿ ನೀನೇ ಕೇಳು!"

"ಕೇಳ್ತೀನಿ, ಬಿಡ್ತೀನಾ?" ಎಂದು ಅವಳು ದುಪಟ್ಟಾ ಬಿಗಿದು ಒಳಗೆ ನುಗ್ಗಿದಳು. ಶಹಬ್ಬಾಸ್ ತಂಗೀ ಎಂದುಕೊಂಡೆ. ಜಗಳದ ಸದ್ದಿಗೆ ಕಿವಿಗೊಟ್ಟು ಕಾದೆ. "ಆಹಾ, ಕ್ಯಾ ಹವಾ ಹೈ!" ಎನ್ನುವುದು ಕೇಳಿಸಿತು. ಆಮೇಲೆ ಕ್ರಿಕೆಟ್ ಮಾತ್ರ ಕೇಳಿಸಿತು. ಲುಬ್ನಾ ವಾಪಸು ಬರಲೇ ಇಲ್ಲ.

ನಾನೇ ನುಗ್ಗಿದೆ. ನನ್ನ ಜಾಲಿಯ ತಂಗಾಳಿಯಲ್ಲಿ ನಾಲ್ಕೂ ಜನ ತೂಕಡಿಸುವ ಬೆಕ್ಕುಗಳ ಹಾಗೆ ಕೂತಿದ್ದರು.

"ರೀ! ಅಮ್ಮನ ಮೇಲೆ ಆಣೆ ಮಾಡಿದ್ರಿ!"

"ಮಾಡಿದ್ದೆ," ಎಂದರು ಭೀಮೇಶ್ ಶಾಂತವಾಗಿ. "ಅಡುಗೆಮನೆ ತಂಪಾದ್ರೆ ಇಲ್ಲಿ ಅಡುಗೆ ಮಾಡ್ತೀನಿ ಅಂದಿದ್ದೆ. ತಂಪಾಗಿದೆ, ಸೂಪರ್ ಆಗಿದೆ. ಬೆಳಗ್ಗೆಯಿಂದ ಇಲ್ಲೇ ಕಾಯ್ತಾ ಕೂತಿದೀನಿ. ಒಲೆ ಎಲ್ಲಿ?"

"ಹಾಲ್‌ನಲ್ಲಿ!"

"ಹಾಲ್‌ನಲ್ಲಾ?" ಅವರು ಒಮ್ಮೆ ಬಾಗಿಲಾಚೆ ಬಗ್ಗಿ ನೋಡಿ, ಬಿಸಿ ತಾಗಿದವರಂತೆ ತಲೆ ಒಳಗೆಳೆದುಕೊಂಡರು. "ಅಲ್ಲಿ ಸೆಖೆ ಕಣೇ. ತಲೆ ಸುತ್ತುತ್ತೆ."

ಲುಬ್ನಾ ಮುಖ ಆಚೆ ತಿರುಗಿಸಿದಳು. ಅವಳ ಭುಜ ಕುಲುಕುತ್ತಿತ್ತು.

"ನಾಳೆನೇ ಶರಣಬಸವನ್ನ ಕರೆಸ್ತೀನಿ!" ಎಂದು ಕೂಗಿದೆ. "ಹಾಲ್ ಗೋಡೇನೂ ಒಡೆಸ್ತೀನಿ! ಅಲ್ಲಿಗೂ ಗಾಳಿ ತರ್ತೀನಿ!"

ಮಂಜುಳಮ್ಮ ಮೊದಲ ಸಲ ಟಿವಿಯಿಂದ ಕಣ್ಣು ತೆಗೆದು, ನನ್ನನ್ನು ಮರುಕದಿಂದ ನೋಡಿದರು.

"ಗೋಡೆ ಒಡೆಸೋ ಮುಂಚೆ ನನ್ನನ್ನ ಒಂದು ಮಾತು ಕೇಳ್ಬಾರ್ದಾಗಿತ್ತೇನಮ್ಮ?" ಎಂದರು. "ಇವರಪ್ಪಂಗೆ ಡಿಸೆಂಬರ್‌ನಲ್ಲೂ ಅಡುಗೆಮನೆ ಸೆಖೆ ಆಗ್ತಿತ್ತು."

ಅಷ್ಟರಲ್ಲಿ ಹಾಲ್‌ನಲ್ಲಿ ಕುಕ್ಕರ್ ಕೂಗಿತು. ತಂಪಾದ ಅಡುಗೆಮನೆಯಲ್ಲಿ ಹಾಯಾಗಿ ಕೂತಿದ್ದ ಎಲ್ಲರೂ ಒಟ್ಟಿಗೆ ನನ್ನ ಮುಖ ನೋಡಿದರು.