ಗೇರ್‌ಬಾಕ್ಸಿಗೊಂದು ತಿದ್ದುಪಡಿ

"ಈ ಕಾರಿನ ಕಾಯಿಲೆ ಏನು ಅಂತ ನಾನೇ ಕಂಡುಹಿಡೀತೀನಿ. ಮೆಕ್ಯಾನಿಕ್ಕೂ ಬೇಡ, ಗಿಕ್ಯಾನಿಕ್ಕೂ ಬೇಡ. ತಪ್ಪು ಹುಡುಕೋದೇ ನನ್ನ ಕಸುಬು ಕಣೇ!"

ಶನಿವಾರ ಬೆಳಗ್ಗೆ ಅಂಗಿಯ ತೋಳು ಮಡಚುತ್ತ ಹೀಗೆ ಘೋಷಿಸಿದವರು ನಮ್ಮ ಮಹಾಪ್ರಾಣರು. ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ. ಬೇರೆಯವರು ಮಾಡಿದ ತಪ್ಪುಗಳಿಂದಲೇ ಅವರ ಸಂಸಾರ ನಡೆದು ಬಂದಿದೆ. ಯಾರಾದರೂ 'ಧನ' ಅನ್ನುವ ಕಡೆ ಹೊಟ್ಟೆ ಸೀಳದೆ 'ದನ' ಅಂತ ಬರೆದರೆ ಅವರಿಗೆ ಮಧ್ಯಾಹ್ನದ ಊಟ ಸೇರುವುದಿಲ್ಲ. ಈ ಹೆಸರು ಬಿದ್ದದ್ದೂ ಅದಕ್ಕೇ.

"ಅಕ್ಷರದ ಹೊಟ್ಟೆ ಸೀಳಿ ಅಭ್ಯಾಸ ನಿಮಗೆ. ಕಾರಿನ ಹೊಟ್ಟೆಗೆ ಕೈ ಹಾಕಬೇಡಿ," ಅಂದಳು ಹೆಂಡತಿ. "ಸೋಮವಾರ ಟ್ಯಾಕ್ಸಿ ಕರೆಸೋಣ ರೀ."

ಸೋಮವಾರ ಅವಳಿಗೆ ಬೀಳ್ಕೊಡುಗೆ. ಮೂವತ್ತು ವರ್ಷ ಒಂದೇ ಆಸ್ಪತ್ರೆಯ ಒಂದೇ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಅಷ್ಟು ವರ್ಷವೂ ಅವಳನ್ನು ಗೇಟಿನ ತನಕ ಬಿಟ್ಟು ಬಂದ ಮಹಾಪ್ರಾಣರು ಒಂದು ದಿನವೂ ಒಳಗೆ ಕಾಲಿಟ್ಟಿರಲಿಲ್ಲ. ಔಷಧಿ ವಾಸನೆಗೆ ತಲೆ ಸುತ್ತುತ್ತದೆ ಅನ್ನುವುದು ಅವರ ನೆಪ.

"ಈ ಸಲ ಒಳಗೆ ಬರಲೇಬೇಕು ನೀವು. ನಾನು ಓಡಾಡಿದ ಜಾಗ ಒಂದ್ಸಲ ನೋಡಿ ಅಷ್ಟೇ. ಆಮೇಲೆ ನನಗೂ ಅಲ್ಲಿಗೆ ಹೋಗೋಕೆ ಕಾರಣ ಇರಲ್ಲ," ಅಂತ ಅವಳು ಕೇಳಿಕೊಂಡಿದ್ದಳು. ಬಂದೇ ಬರುತ್ತೇನೆ ಅಂತ ಇವರು ಮಾತು ಕೊಟ್ಟಿದ್ದರು. ಆದರೆ ಟ್ಯಾಕ್ಸಿ ಅನ್ನುವ ಮಾತು ಕೇಳಿದ್ದೇ ಅವರ ಸ್ವಾಭಿಮಾನ ಹೆಡೆ ಎತ್ತಿತು.

ಕಾರು ಹದಿನೆಂಟು ವರ್ಷದ್ದು, ಗೇರ್ ತಾನೇ ಬದಲಾಯಿಸಿಕೊಳ್ಳುವಂಥದ್ದು. ಈಚೆಗೆ 'ಪಾರ್ಕ್'ನಿಂದ 'ಡ್ರೈವ್'ಗೆ ಹಾಕಿದಾಗಲೆಲ್ಲ ಯಾರೋ ಹಿಂದಿನಿಂದ ದೂಡಿದ ಹಾಗೆ ಒಂದು ಜಗ್ಗು. ಕಾಯಿಲೆ ಅಂದರೆ ಅಷ್ಟೇ. ಮಹಾಪ್ರಾಣರು ಕಾರಿನ ಜೊತೆ ಬಂದಿದ್ದ ಕೈಪಿಡಿ ಹುಡುಕಿ, ಕನ್ನಡಕ ಏರಿಸಿ, ಕೆಂಪು ಪೆನ್ನು ಹಿಡಿದು ಕೂತರು. ಮೊದಲ ಹತ್ತು ಪುಟದಲ್ಲೇ ಮೂರು ಕಾಗುಣಿತದ ತಪ್ಪು ಸಿಕ್ಕಿದವು. ಆ ಪುಸ್ತಕದ ಮೇಲೆ ಅವರಿಗಿದ್ದ ಗೌರವ ಅಲ್ಲಿಗೇ ಮುಗಿಯಿತು.

ನಲವತ್ತಾರನೇ ಪುಟದಲ್ಲಿ ಹೀಗಿತ್ತು: 'ಗೇರ್‌ಬಾಕ್ಸಿನ ಎಣ್ಣೆಯ ಮಟ್ಟವನ್ನು ಎಂಜಿನ್ ಓಡುತ್ತಿರುವಾಗ ನೋಡಬೇಕು.'

ಮಹಾಪ್ರಾಣರಿಗೆ ನಗು ತಡೆಯಲಾಗಲಿಲ್ಲ. ಎಂಜಿನ್ನಿನ ಎಣ್ಣೆ ನೋಡುವುದು ಗಾಡಿ ನಿಂತಿದ್ದಾಗ, ಇದು ಅವರಿಗೂ ಗೊತ್ತು. ಹಾಗಿದ್ದ ಮೇಲೆ ಗೇರ್‌ಬಾಕ್ಸಿಗೇನು ಬೇರೆ ಕಾನೂನು? ಅಕ್ಷರ ಜೋಡಿಸಿದವನು ತೂಕಡಿಸಿದ್ದಾನೆ! 'ಓಡುತ್ತಿರುವಾಗ' ಅನ್ನುವುದನ್ನು ಹೊಡೆದುಹಾಕಿ ಮೇಲೆ ದುಂಡಗೆ 'ಓಡದಿರುವಾಗ' ಅಂತ ಬರೆದರು. ಮನಸ್ಸಿಗೆ ಹಾಯೆನಿಸಿತು.

ಎಂಜಿನ್ ಆರಿಸಿ, ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದರು. ಎಣ್ಣೆ ಗೆರೆಗಿಂತ ಎರಡು ಬೆರಳು ಮೇಲಿತ್ತು. ರೋಗ ಸಿಕ್ಕಿಯೇಬಿಟ್ಟಿತು: ಗೇರ್‌ಬಾಕ್ಸಿಗೆ ಅಜೀರ್ಣ!

ಅರ್ಧ ಗಂಟೆಯ ನಂತರ ಹೆಂಡತಿ ಹೊರಗೆ ಬಂದಾಗ ಗಂಡ ಬಾನೆಟ್ಟಿನ ಕೆಳಗೆ ಬಗ್ಗಿದ್ದರು. ಕೈಯಲ್ಲಿ ದಪ್ಪ ಸಿರಿಂಜು, ಅದರ ತುದಿಗೆ ಉದ್ದನೆಯ ಸಣ್ಣ ಕೊಳವೆ, ಪಕ್ಕದಲ್ಲಿ ಕೆಂಪು ಎಣ್ಣೆ ತುಂಬಿದ ಎರಡು ಬಾಟಲಿ.

"ರೀ, ಅದು ರೋಗಿಗಳಿಗೆ ಮೂಗಿನಿಂದ ಊಟ ಕೊಡೋ ಕೊಳವೆ."

"ಕೊಡೋ ಕೊಳವೆಯಲ್ಲೇ ತೆಗೆಯೋಕೂ ಆಗುತ್ತೆ. ಹೊಸದೇ ಇತ್ತು, ನಿನ್ನ ಪೆಟ್ಟಿಗೆಯಲ್ಲಿ."

"ಬಾಟಲಿ ನೋಡಿದ್ರೆ ರಕ್ತ ತೆಗೆದ ಹಾಗಿದೆ. ಇಷ್ಟು ತೆಗೆದ್ರೆ ಮನುಷ್ಯ ಉಳಿಯಲ್ಲ."

ಭಾನುವಾರ ಮನೆ ಮುಂದಿನ ಸಮತಟ್ಟು ರಸ್ತೆಯಲ್ಲಿ ಅವಳನ್ನು ಕೂರಿಸಿಕೊಂಡು ಒಂದು ಸುತ್ತು ಹಾಕಿದರು. ಕಾರು ಹೇಗೋ ಓಡಿತು.

"ಜಗ್ಗು ಹಾಗೇ ಇದೆಯಲ್ಲ?"

"ಅದು ವಾಸಿಯಾಗೋ ಮುಂಚಿನ ಜಗ್ಗು."

ಮೂವತ್ತು ವರ್ಷ ಡಾಕ್ಟರುಗಳ ಜೊತೆ ಏಗಿದವಳು. ಎದುರು ಮಾತಾಡದೆ ಸೀಟ್‌ಬೆಲ್ಟ್ ಗಟ್ಟಿಯಾಗಿ ಹಿಡಿದುಕೊಂಡಳು.

ಸೋಮವಾರ ನಾಲ್ಕು ಗಂಟೆಗೆ ಕಾರ್ಯಕ್ರಮ. ನಾಲ್ಕಕ್ಕೆ ಹದಿನೈದು ನಿಮಿಷ ಇರುವಾಗ ಕಾರು ಆಸ್ಪತ್ರೆಯ ಏರುರಸ್ತೆಗೆ ಬಂತು. ಅರ್ಧ ಏರಿದ್ದೇ ತಡ, ಎಂಜಿನ್ ಅರಚಿಕೊಂಡಿತು, ಚಕ್ರ ಮಾತ್ರ ತನಗೆ ಸಂಬಂಧವೇ ಇಲ್ಲ ಅಂತ ಸುಮ್ಮನಾಯಿತು. ಒತ್ತಿದಷ್ಟೂ ಅರಚಾಟ, ಜೊತೆಗೆ ಗಾಡಿ ಹಿಂದಕ್ಕೆ ಜಾರುವುದು. ಹೇಗೋ ಬ್ರೇಕು ಹಾಕಿ ಬದಿಗೆ ನಿಲ್ಲಿಸಿದರು.

ಅಷ್ಟರಲ್ಲಿ ಆಸ್ಪತ್ರೆಗೆ ಒಗೆದ ಬಟ್ಟೆ ತರುವ ವ್ಯಾನು ಬಂತು. "ಸಿಸ್ಟರ್, ಹತ್ತಿ. ಎಲ್ಲರೂ ನಿಮಗೇ ಕಾಯ್ತಿದ್ದಾರೆ," ಅಂದ ಡ್ರೈವರ್.

"ನೀವೂ ಬನ್ನಿ ರೀ. ಗಾಡಿ ಇಲ್ಲೇ ಇರಲಿ."

"ನೀನು ಹೋಗಿರು. ಐದೇ ನಿಮಿಷ. ಎಲ್ಲಿ ತಪ್ಪಾಗಿದೆ ಅಂತ ಹೊಳೀತಾ ಇದೆ ನನಗೆ."

ಅವಳು ಒಂದು ಕ್ಷಣ ಅವರನ್ನೇ ನೋಡಿದಳು. ಆಮೇಲೆ ಹೊಸ ಸೀರೆಯ ನೆರಿಗೆ ಎತ್ತಿ ಹಿಡಿದು, ಒಗೆದ ಚಾದರಗಳ ಗಂಟಿನ ಪಕ್ಕ ಕೂತು ಹೊರಟುಹೋದಳು.

ಐದು ನಿಮಿಷ ಹತ್ತಾಯಿತು, ಹತ್ತು ನಲವತ್ತಾಯಿತು. ಬಾನೆಟ್ ಎತ್ತಿದರು, ಇಳಿಸಿದರು. ಕೈಪಿಡಿಯನ್ನು ಹಿಂದಿನಿಂದ ಮುಂದಕ್ಕೂ ಓದಿದರು. ಐದು ಗಂಟೆಗೆ ಸೋಲೊಪ್ಪಿ ಮೆಕ್ಯಾನಿಕ್ಕಿಗೆ ಫೋನು ಮಾಡಿದರು. ಆತ ಬಂದವನೇ ಎಂಜಿನ್ ಚಾಲೂ ಮಾಡಿ, ಅದು ಓಡುತ್ತಿರುವಾಗಲೇ ಕಡ್ಡಿ ಎಳೆದ. ಕಡ್ಡಿ ಒಣಗಿತ್ತು.

"ಆಯಿಲ್ ಎಲ್ಲಿ ಸಾರ್?"

"ಜಾಸ್ತಿ ಇತ್ತು. ತೆಗೆದೆ."

"ಎಂಜಿನ್ ಆರಿಸಿ ನೋಡಿದ್ರಾ? ಆಗ ಮೇಲಿರೋದೆಲ್ಲ ಕೆಳಗಿಳಿದು ಜಾಸ್ತಿ ಕಾಣುತ್ತೆ. ಪುಸ್ತಕದಲ್ಲೇ ಇರುತ್ತಲ್ಲ." ಅವನು ಪುಟ ತಿರುವಿದ. "ಇಲ್ಲಿ ಯಾರೋ ಗೀಚಿಬಿಟ್ಟಿದ್ದಾರೆ."

"ಗೀಚಿದ್ದಲ್ಲ. ತಿದ್ದಿದ್ದು," ಅಂದರು ಮಹಾಪ್ರಾಣರು. ದನಿ ಅಲ್ಪಪ್ರಾಣಕ್ಕೆ ಇಳಿದಿತ್ತು.

ಮೊದಲಿದ್ದ ಜಗ್ಗು ಗೇರ್‌ಬಾಕ್ಸಿನದ್ದೇ ಅಲ್ಲವಂತೆ. ಎಂಜಿನ್ ಕೂರಿಸಿದ ರಬ್ಬರು ಸವೆದಿತ್ತಂತೆ, ಅರ್ಧ ದಿನದ ಕೆಲಸ.

"ಎಲ್ಲಿಗೆ ಹೊರಟಿದ್ರಿ ಸಾರ್?"

"ಇಲ್ಲೇ, ಆಸ್ಪತ್ರೆಗೆ."

ಮೆಕ್ಯಾನಿಕ್ ತಲೆ ಎತ್ತಿ ಏರಿನ ಕೊನೆಯಲ್ಲಿ ಕಾಣುತ್ತಿದ್ದ ಗೇಟು ನೋಡಿದ. "ನಡೆದ್ರೆ ಹತ್ತು ನಿಮಿಷ. ಯಾಕೆ ನಡೀಲಿಲ್ಲ?"

ಮಹಾಪ್ರಾಣರು ಕಾರಿನ ಕೀ ಅವನ ಕೈಗೆ ತುರುಕಿ ಏರಿನಲ್ಲಿ ಓಡಿದರು. ಗೇಟು ದಾಟಿ, ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತ ವಾರ್ಡಿನ ಬಾಗಿಲಿಗೆ ಬಂದು ನಿಂತರು. ತಲೆ ಸುತ್ತಲಿಲ್ಲ. ಒಳಗೆ ಆಯಾ ಒಬ್ಬಳು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು. ಹೆಂಡತಿ ಮೇಜಿನ ಹತ್ತಿರ ಮಡಿಲಲ್ಲಿ ಹೂಗುಚ್ಛ ಇಟ್ಟುಕೊಂಡು ಕೂತಿದ್ದಳು. ಪಕ್ಕದ ಕುರ್ಚಿ ಇನ್ನೂ ಖಾಲಿಯಾಗಿ ಹಾಗೇ ಇತ್ತು.

ಮಹಾಪ್ರಾಣರು ಎಣ್ಣೆಯ ಕೈ ಹಿಂದೆ ಕಟ್ಟಿಕೊಂಡು ಅದರಲ್ಲಿ ಕೂತರು. "ತಪ್ಪಾಯ್ತು ಕಣೇ," ಅಂದರು. ಜೀವಮಾನದಲ್ಲಿ ಆ ಮಾತನ್ನು ತಮ್ಮ ಬಗ್ಗೆ ಹೇಳಿಕೊಂಡದ್ದು ಅದೇ ಮೊದಲು.

"ಎಲ್ಲರೂ ನನ್ನನ್ನ ಕೇಳಿದ್ರಾ?"

"ಕೇಳದೆ ಇರ್ತಾರಾ?"

"ನೀನೇನಂದೆ?"

"'ಬರ್ತಿದ್ದಾರೆ, ಇನ್ನೇನು ಬಂದೇಬಿಡ್ತಾರೆ' ಅಂದೆ," ಅಂದಳು ಅವಳು. "ಮನೆಯವರು ಯಾರೂ ಬರದ ರೋಗಿಗಳಿಗೆ ಮೂವತ್ತು ವರ್ಷ ಅದನ್ನೇ ಹೇಳಿದ್ದೀನಲ್ಲ. ಅಭ್ಯಾಸ ಇತ್ತು."